ಎಂಬಿಎಗೆ ಅರ್ಜಿ ಈ ವರ್ಷವೇ ಹಾಕಬೇಕಾ?

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಟೀ ಕುಡಿಯುವಾಗ ಮೆಕ್ಯಾನಿಕಲ್ ವಿಭಾಗದ ಒಬ್ಬ ವಿದ್ಯಾರ್ಥಿನಿ ಬಂದು ಕೇಳಿದರು: "ಸರ್, ಫೈನಲ್ ಇಯರ್‌ನಲ್ಲೇ ಕ್ಯಾಟ್ ಬರೆದುಬಿಡ್ಲಾ, ಇಲ್ಲಾ ಎರಡು ವರ್ಷ ಕೆಲಸ ಮಾಡಿ ಆಮೇಲೆ ಬರೀಲಾ?" ಕ್ಯಾಟ್ ಅಂದರೆ ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಎಂಬಿಎ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ನಾನು ಬಂದಿದ್ದೇ ಇದರ ಬಗ್ಗೆ ಮಾತಾಡಲು. ಅವರಿಗೆ "ಒಳಗೆ ಬನ್ನಿ, ಹೇಳ್ತೀನಿ" ಅಂದೆ. ಸಭೆಯಲ್ಲಿ ಈಗಾಗಲೇ ಕೆಲಸಕ್ಕೆ ಸೇರಿರುವ ಹಳೇ ವಿದ್ಯಾರ್ಥಿಗಳೂ ಇದ್ದೀರಿ. ನಿಮ್ಮ ಪ್ರಶ್ನೆ ಸ್ವಲ್ಪ ಬೇರೆ, ಅದಕ್ಕೂ ಬರುತ್ತೇನೆ.

ನಾನು ಎರಡು ಸಲ ಅರ್ಜಿ ಹಾಕಿದವನು. ಮೊದಲ ಸಲ ನಿಮ್ಮ ಹಾಗೆಯೇ, ಫೈನಲ್ ಇಯರ್‌ನಲ್ಲಿ. ಯಾಕೆ ಹಾಕಿದೆ ಅಂದರೆ ರೂಮಿನಲ್ಲಿದ್ದ ಮೂವರೂ ಹಾಕಿದ್ದರು. ಅಂಕ ಚೆನ್ನಾಗಿಯೇ ಬಂತು, ಒಂದು ಒಳ್ಳೆಯ ಕಡೆಯಿಂದ ಸಂದರ್ಶನಕ್ಕೂ ಕರೆ ಬಂತು. ಒಂದು ತಿಂಗಳು ಕೂತು ತಯಾರಿ ಮಾಡಿದೆ. ರೆಪೊ ದರ ಎಷ್ಟು, ಹಣದುಬ್ಬರ ಅಂದರೆ ಏನು, ಬಜೆಟ್‌ನಲ್ಲಿ ಯಾವುದಕ್ಕೆ ಎಷ್ಟು ಇಟ್ಟಿದ್ದಾರೆ, ಎಲ್ಲ ಬಾಯಿಪಾಠ.

ಒಳಗೆ ಮೂವರು ಕೂತಿದ್ದರು. ಅದರಲ್ಲಿ ಹಿರಿಯರೊಬ್ಬರು ನನ್ನ ಫಾರ್ಮ್ ತಿರುವಿ ಹಾಕಿ, "ತೀರ್ಥಹಳ್ಳಿ ಕಡೆಯವರಾ? ಮನೆಯಲ್ಲಿ ಅಡಿಕೆ ಇದೆ ಅಂತ ಬರೆದಿದ್ದೀರಿ. ನಿಮ್ಮ ತಂದೆ ಅಡಿಕೆಯನ್ನು ವರ್ಷದಲ್ಲಿ ಯಾವಾಗ ಮಾರುತ್ತಾರೆ?" ಅಂದರು. "ಬೆಲೆ ಬಂದಾಗ ಮಾರುತ್ತಾರೆ" ಅಂದೆ. "ಬೆಲೆ ಬಂದಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತದೆ? ಇನ್ನೂ ಏರಬಹುದು ಅಂತ ಯಾಕೆ ಕಾಯುವುದಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಕೂತು ಅಡಿಕೆ ಸುಲಿದು, ಬೇಯಿಸುವ ಹಂಡೆಗೆ ಬೆಂಕಿ ಹಾಕಿ, ಬೆಳಿಗ್ಗೆ ಚಪ್ಪರದ ಮೇಲೆ ಹರವುವುದರಲ್ಲೇ ಬೆಳೆದವನು ನಾನು. ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆ. ಆದರೆ ಚೀಲ ಮನೆಯಿಂದ ಹೊರಟ ಮೇಲೆ ಏನಾಗುತ್ತದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಸೀಟು ಸಿಗಲಿಲ್ಲ. ಊರಿಗೆ ಹೋದಾಗ ಅಪ್ಪಯ್ಯನ ಹತ್ತಿರ ಅದೇ ಪ್ರಶ್ನೆ ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಬೆಲೆ ನೋಡಿ ಮಾರೋಕೆ ನಮ್ಮ ಕೈಲಿ ಎಲ್ಲಿರ್ತದೆ ಮಾರಾಯ. ಮಂಡೀಲಿ ಮುಂಗಡ ತಂದಿರ್ತೀವಿ. ಅವರಿಗೇ ಹಾಕ್ಬೇಕು. ನಿನ್ನ ಕಾಲೇಜಿನ ಫೀಸು ಕಟ್ಟೋ ತಿಂಗಳು ಬಂದಾಗ ಮಾರೋದು, ಅಷ್ಟೇ."

ಬೆಳೆ ಇನ್ನೂ ಮರದಲ್ಲಿರುವಾಗಲೇ ಹಣ ಬೇಕು, ಹಣ ಕೊಟ್ಟವನಿಗೇ ಮಾಲು ಹೋಗಬೇಕು, ಹಾಗಾಗಿ ಯಾವಾಗ ಮಾರಬೇಕು ಅನ್ನುವುದು ಬೆಳೆದವನ ಕೈಯಲ್ಲಿ ಇರುವುದಿಲ್ಲ. ಎಂಬಿಎ ತರಗತಿಯಲ್ಲಿ ಇದಕ್ಕೆ ದುಡಿಯುವ ಬಂಡವಾಳ ಅನ್ನುವ ಹೆಸರಿಟ್ಟು ವಾರಗಟ್ಟಲೆ ಪಾಠ ಮಾಡುತ್ತಾರೆ. ನಮ್ಮ ಮನೆಯ ಜಗಲಿಯಲ್ಲೇ ಆ ಪಾಠ ಇತ್ತು. ಅದನ್ನು ಕಾಣುವ ಕಣ್ಣು ನನಗೆ ಆಗ ಬಂದಿರಲಿಲ್ಲ.

ಆಮೇಲೆ ಬೆಂಗಳೂರಿಗೆ ಹೋಗಿ ಪೀಣ್ಯದ ಒಂದು ಮಷೀನ್ ಶಾಪ್‌ಗೆ ಸೇರಿದೆ. ಮೂರು ವರ್ಷ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ಗಳಲ್ಲಿ ಶಾಫ್ಟ್, ಅಂದರೆ ಯಂತ್ರದೊಳಗೆ ತಿರುಗುವ ಲೋಹದ ದಂಡ, ಮಾಡುವ ಜಾಗ, ನನ್ನದು ಶಿಫ್ಟ್ ಇಂಜಿನಿಯರ್ ಕೆಲಸ. ಎರಡನೇ ವರ್ಷದ ಕೊನೆಗೆ ಒಂದು ಘಟನೆ ನಡೆಯಿತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನ ಅರ್ಜಿ ಹುಟ್ಟಿದ್ದೇ ಅಲ್ಲಿ.

ಲೇತ್‌ನಲ್ಲಿ ಲೋಹ ಕೆತ್ತುವ ಸಣ್ಣ ತುಂಡಿಗೆ ಇನ್ಸರ್ಟ್ ಅನ್ನುತ್ತೇವೆ. ಅಂಗೈಯಲ್ಲಿ ನಾಲ್ಕೈದು ಹಿಡಿಯುವಷ್ಟು ಚಿಕ್ಕದು. ಪರ್ಚೇಸ್‌ನವರು ಕಡಿಮೆ ಬೆಲೆಯ ಇನ್ಸರ್ಟ್ ತರಿಸಿದರು. ಅದರ ಮೊನೆ ಬೇಗ ಸವೆಯುತ್ತಿತ್ತು. ಮೊನೆ ಸವೆದರೆ ಕೆತ್ತುವುದು ಕಡಿಮೆಯಾಗುತ್ತದೆ, ಶಾಫ್ಟ್ ಅಳತೆಗಿಂತ ದಪ್ಪ ಉಳಿಯುತ್ತದೆ. ನಮ್ಮ ಆಪರೇಟರ್ ಅಣ್ಣ, ಹಾಸನ ಕಡೆಯವರು, ಮೈಕ್ರೋಮೀಟರ್ ಹಿಡಿದು ಹತ್ತು ಪೀಸ್‌ಗೊಮ್ಮೆ ಅಳೆದು ಆಫ್‌ಸೆಟ್, ಅಂದರೆ ಮಷೀನಿಗೆ ಕೊಟ್ಟ ಅಳತೆ, ತಿದ್ದುತ್ತಾ ಸಂಭಾಳಿಸುತ್ತಿದ್ದರು. ಒಂದು ರಾತ್ರಿ ಅವರು ರಜೆ. ಹೊಸ ಹುಡುಗ ಓಡಿಸಿದ. ಬೇರಿಂಗ್ ಕೂರುವ ಜಾಗ ಅಳತೆಗಿಂತ ದಪ್ಪ ಉಳಿದಿತ್ತು, ಅದೂ ಒಂದು ಕೂದಲೆಳೆಯಷ್ಟೂ ಇಲ್ಲ. ಆದರೆ 400 ಶಾಫ್ಟ್ ಗಿರಾಕಿಯ ಬಾಗಿಲಿಂದ ವಾಪಸ್ ಬಂತು.

ಎಲ್ಲವನ್ನೂ ಮತ್ತೆ ಲೇತ್‌ಗೆ ಹಾಕಿದೆವು. ಭಾನುವಾರ ಓವರ್‌ಟೈಮ್, ಟೆಂಪೊ ಬಾಡಿಗೆ, ಆ ಎರಡು ದಿನ ಬೇರೆ ಆರ್ಡರ್ ನಿಂತಿದ್ದು. ತಿಂಗಳ ಮೀಟಿಂಗ್‌ನಲ್ಲಿ ಪರ್ಚೇಸ್‌ನವರು ಇನ್ಸರ್ಟ್‌ನಲ್ಲಿ ಇಷ್ಟು ಉಳಿಸಿದ್ದೇವೆ ಅಂತ ತೋರಿಸಿದರು, ಶಹಬ್ಬಾಸ್ ಅನ್ನಿಸಿಕೊಂಡರು. ಅವರು ಸುಳ್ಳು ಹೇಳಲಿಲ್ಲ. ಅವರ ರಿಜಿಸ್ಟರ್‌ನಲ್ಲಿ ಉಳಿತಾಯವೇ ಇತ್ತು. ಓವರ್‌ಟೈಮ್ ಇನ್ನೊಂದು ರಿಜಿಸ್ಟರ್‌ನಲ್ಲಿತ್ತು, ಟೆಂಪೊ ಮತ್ತೊಂದರಲ್ಲಿ, ನಿಂತ ಮಷೀನ್ ಯಾವ ರಿಜಿಸ್ಟರ್‌ನಲ್ಲೂ ಇರಲಿಲ್ಲ.

ನಾನು ರೂಮಿಗೆ ಬಂದು ನೋಟ್‌ಬುಕ್‌ನಲ್ಲಿ ಒಟ್ಟು ಲೆಕ್ಕ ಹಾಕಲು ಕೂತೆ. ಅರ್ಧಕ್ಕೆ ನಿಂತೆ. ಮಷೀನ್ ಒಂದು ಗಂಟೆ ನಿಂತರೆ ನಷ್ಟ ಎಷ್ಟು? ಆ ಗಂಟೆಯ ಬೆಲೆಯಲ್ಲಿ ಶೆಡ್ಡಿನ ಬಾಡಿಗೆ ಸೇರಿಸಬೇಕಾ? ನನ್ನ ಸಂಬಳ ಸೇರಿಸಬೇಕಾ? ಗಿರಾಕಿ ಮುಂದಿನ ಆರ್ಡರ್ ಕಡಿಮೆ ಮಾಡಿದರೆ ಅದನ್ನು ಎಲ್ಲಿ ಬರೆಯಬೇಕು? ಅಕೌಂಟ್ಸ್‌ನವರು ಪಾಪ ಕೂರಿಸಿಕೊಂಡು ಗೊತ್ತಿದ್ದಷ್ಟು ಹೇಳಿಕೊಟ್ಟರು. ಮೇಲಿನವರ ಹತ್ತಿರ ಹೋದರೆ "ಅದು ನಿನ್ನ ಕೆಲಸ ಅಲ್ಲ" ಅಂದರು. ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗಲೇ ಇಲ್ಲ.

ಅವತ್ತು ನನಗೆ ಎಂಬಿಎ ಬೇಕು ಅನ್ನಿಸಿತು. ಎರಡನೇ ಸಲ ಅರ್ಜಿ ಹಾಕಿದಾಗ ನನ್ನ ಪರ್ಸೆಂಟೈಲ್, ಅಂದರೆ ನೂರಕ್ಕೆ ಎಷ್ಟು ಜನರಿಗಿಂತ ಮುಂದಿದ್ದೇನೆ ಅನ್ನುವ ಲೆಕ್ಕ, ಮೊದಲ ಸಲಕ್ಕಿಂತ ಕಡಿಮೆ ಇತ್ತು. ಸಂದರ್ಶನದಲ್ಲಿ ಆ 400 ಶಾಫ್ಟ್ ಬಗ್ಗೆಯೇ ಮಾತಾಯಿತು. ಸೀಟು ಸಿಕ್ಕಿತು. ಸೀಟಿಗಿಂತ ಮುಖ್ಯವಾದ ಮಾತು ಏನೆಂದರೆ, ವೆಚ್ಚದ ಲೆಕ್ಕ ಕಲಿಸುವ ಕಾಸ್ಟಿಂಗ್ ತರಗತಿಯಲ್ಲಿ ಓವರ್‌ಹೆಡ್, ಅಂದರೆ ಬಾಡಿಗೆ ಸಂಬಳದಂಥ ಸಾಮಾನ್ಯ ಖರ್ಚು, ಹಂಚುವ ಪಾಠ ಶುರುವಾದ ದಿನ ನನಗೆ ಮೈ ಜುಮ್ ಅಂದಿತು. ನನ್ನ ಪಕ್ಕ ಕೂತಿದ್ದವನು ನನಗಿಂತ ಬಹಳ ಬುದ್ಧಿವಂತ, ಡಿಗ್ರಿ ಮುಗಿಸಿ ನೇರ ಬಂದವನು. ಅವನು ಸೂತ್ರ ಬರೆದುಕೊಂಡ, ಪರೀಕ್ಷೆಯಲ್ಲಿ ನನಗಿಂತ ಜಾಸ್ತಿ ಅಂಕ ತೆಗೆದ. ಆದರೆ ಆ ಸೂತ್ರ ಯಾವ ಮೀಟಿಂಗ್‌ನಲ್ಲಿ, ಯಾರ ಮುಂದೆ, ಯಾಕೆ ಬೇಕಾಗುತ್ತದೆ ಅಂತ ಅವನಿಗೆ ಹೇಳುವವರು ಇರಲಿಲ್ಲ.

ಆದ್ದರಿಂದ ನಾನು ಹೇಳುವುದು ಇಷ್ಟು. ನಿಮ್ಮ ಕೆಲಸವೇ ಹುಟ್ಟಿಸಿದ, ಆದರೆ ಆ ಕೆಲಸದಲ್ಲಿ ಕೂತು ಉತ್ತರ ಸಿಗದ ಒಂದು ಪ್ರಶ್ನೆ ನಿಮ್ಮ ಹತ್ತಿರ ಇದ್ದರೆ, ಅರ್ಜಿ ಹಾಕುವ ಕಾಲ ಬಂದಿದೆ. ಅದು 21ನೇ ವಯಸ್ಸಿಗೇ ಬರಬಹುದು. ಅಪ್ಪನ ಅಂಗಡಿಯ ಗಲ್ಲಾದಲ್ಲಿ ಹತ್ತು ವರ್ಷದಿಂದ ಕೂತ ಹುಡುಗ, ಅಮ್ಮನ ಹಪ್ಪಳ ಸಂಡಿಗೆ ವ್ಯಾಪಾರದ ಲೆಕ್ಕ ನೋಡಿದ ಹುಡುಗಿ, ಇವರು ಫೈನಲ್ ಇಯರ್‌ನಲ್ಲೇ ಬರೆಯಲಿ. ಉಳಿದವರು ಎರಡು ಮೂರು ವರ್ಷ ಕೆಲಸ ಮಾಡಿ ಬರೆದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕೆಲವು ಐಐಎಂಗಳು ಸೀಟು ಕೊಡುವಾಗ ಕೆಲಸದ ಅನುಭವಕ್ಕೂ ಅಂಕ ಇಟ್ಟಿವೆ. ಆದರೆ ವರ್ಷ ಹೆಚ್ಚಾದಷ್ಟೂ ಆ ಅಂಕ ಏರುತ್ತಲೇ ಹೋಗುವುದಿಲ್ಲ. ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ನೋಡುತ್ತಾರೆ. ಅವನ್ನು ಇನ್ನು ಬದಲಾಯಿಸಲು ಆಗುವುದಿಲ್ಲ, ಹಾಗಾಗಿ ಅದಕ್ಕೆ ಕೊರಗಬೇಡಿ.

ಇನ್ನೊಂದು ದಾರಿ ಇದೆ, ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಕಡೆ ಓದುತ್ತಿರುವಾಗಲೇ ಸೀಟು ಕೊಟ್ಟು, ಹೋಗಿ ಕೆಲಸ ಮಾಡಿ ಬನ್ನಿ ಅನ್ನುತ್ತಾರೆ. ಹಾರ್ವರ್ಡ್‌ನಲ್ಲಿ ಅದಕ್ಕೆ ಟೂ ಪ್ಲಸ್ ಟೂ ಅಂತ ಹೆಸರು. ಫೈನಲ್ ಇಯರ್‌ನವರು ಇದನ್ನು ನೋಡಲೇಬೇಕು.

ಕೆಲಸದಲ್ಲಿರುವವರಿಗೆ ಒಂದು ಮಾತು. ಮ್ಯಾನೇಜರ್ ಮೇಲಿನ ಸಿಟ್ಟಿಗೆ ಅರ್ಜಿ ಹಾಕಬೇಡಿ. ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ ಅಂತ ಹೆದರಿಯೂ ಹಾಕಬೇಡಿ, ಅಂಥ ವರ್ಷ ಎಲ್ಲರೂ ಹಾಗೇ ಯೋಚಿಸಿ ನೂಕುನುಗ್ಗಲು ಆಗುತ್ತದೆ. 2024ರ ಕ್ಯಾಟ್‌ಗೆ ಸುಮಾರು 3.29 ಲಕ್ಷ ಜನ ಹೆಸರು ಕೊಟ್ಟಿದ್ದರು. ಸಿಟ್ಟಿಗೆ ಔಷಧ ಬೇರೆ ಕೆಲಸ ಹುಡುಕುವುದು. ಅದು ಅಗ್ಗವೂ ಹೌದು, ಬೇಗವೂ ಆಗುತ್ತದೆ.

ಈಗ ದುಡ್ಡಿನ ವಿಷಯ. ಇದನ್ನು ಮುಚ್ಚುಮರೆ ಇಲ್ಲದೆ ಮಾತಾಡೋಣ, ಯಾಕೆಂದರೆ ಈ ಸಭೆಯಲ್ಲಿ ಜಾಸ್ತಿ ಜನ ನಮ್ಮ ಮನೆಯಂಥ ಮನೆಯಿಂದಲೇ ಬಂದವರು. ದೊಡ್ಡ ಐಐಎಂಗಳಲ್ಲಿ ಎರಡು ವರ್ಷದ ಫೀಸು 20 ಲಕ್ಷ ದಾಟುತ್ತದೆ. 25 ಲಕ್ಷ ಸಾಲ ಮಾಡಿದಿರಿ ಅಂದುಕೊಳ್ಳಿ, ಬಡ್ಡಿ ಶೇ 10, ಹತ್ತು ವರ್ಷ. ತಿಂಗಳ ಕಂತು ಸುಮಾರು 33,000 ರೂಪಾಯಿ. ಓದುವಾಗ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಅದು ಸೇರಿದರೆ ಕಂತು ಇನ್ನೂ ಮೇಲೆ ಹೋಗುತ್ತದೆ. ಬಿಟ್ಟ ಸಂಬಳವನ್ನೂ ಲೆಕ್ಕಕ್ಕೆ ತನ್ನಿ. ತಿಂಗಳಿಗೆ 50,000 ಬರುವವರು ಎರಡು ವರ್ಷ ಬಿಟ್ಟರೆ 12 ಲಕ್ಷ, ಲಕ್ಷ ಬರುವವರು ಬಿಟ್ಟರೆ 24 ಲಕ್ಷ. ಅಂದರೆ ತಡ ಮಾಡಿದಷ್ಟೂ ಬಿಡುವ ಸಂಬಳ ದೊಡ್ಡದಾಗುತ್ತದೆ, ಓದಿದ್ದನ್ನು ಬಳಸುವ ವರ್ಷ ಕಡಿಮೆಯಾಗುತ್ತದೆ. ಕಾಯುವುದಕ್ಕೂ ಬೆಲೆ ಇದೆ ಅಲ್ವಾ?

ಐದಾರು ವರ್ಷ ಆಗಿಹೋಗಿದೆ ಅನ್ನುವವರು ಒಂದು ವರ್ಷದ ಕೋರ್ಸ್ ನೋಡಿ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರಿನ ಇಪಿಜಿಪಿಗೆ ಕನಿಷ್ಠ 5 ವರ್ಷ ಅನುಭವ ಬೇಕು, ಅಹಮದಾಬಾದಿನ ಪಿಜಿಪಿಎಕ್ಸ್‌ಗೆ 4 ವರ್ಷ. ನಿಮ್ಮಂಥವರಿಗೇ ಮಾಡಿದ್ದು ಅದು. ಇನ್ನು ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನಮ್ಮ ರಾಜ್ಯದ ಕಾಲೇಜಿನಲ್ಲೇ ಎಂಬಿಎ ಮಾಡುವವರ ಲೆಕ್ಕ ಪೂರ್ತಿ ಬೇರೆ. ಸರ್ಕಾರಿ ಕೋಟಾದಲ್ಲಿ ಫೀಸು ಬಹಳ ಕಡಿಮೆ, ಡಿಗ್ರಿ ಆದ ಕೂಡಲೇ ಸೇರಿದರೂ ದೊಡ್ಡ ಸಾಲದ ಹೊರೆ ಇಲ್ಲ. ಅಲ್ಲಿ ನಾನು ಕಾಯಿರಿ ಅಂತ ಹಟ ಮಾಡುವುದಿಲ್ಲ.

ಹೆಣ್ಣುಮಕ್ಕಳು ಕೆಲವರು ನನಗೆ ಬರೆಯುತ್ತಾರೆ, ಮನೆಯಲ್ಲಿ ಮದುವೆ ಮಾತು ಶುರುವಾಗಿದೆ, ಅದಕ್ಕೆ ಈಗಲೇ ಸೇರಿಬಿಡಲಾ ಅಂತ. ಅವರ ಕಷ್ಟ ನಿಜ. ಪ್ರಶ್ನೆ ಹುಟ್ಟಲಿ ಅಂತ ಕಾಯುವಷ್ಟು ಪುರುಸೊತ್ತು ಎಲ್ಲರಿಗೂ ಸಿಗುವುದಿಲ್ಲ ಅಂತ ನನಗೆ ಗೊತ್ತು. ಬೇಗ ಹೋಗುವುದೊಂದೇ ದಾರಿ ಆಗಿದ್ದರೆ ಬೇಗ ಹೋಗಿ. ತಂದೆತಾಯಿ ಯಾರಾದರೂ ಇಲ್ಲಿ ಕೂತಿದ್ದರೆ ಕೈಮುಗಿದು ಕೇಳುತ್ತೇನೆ, ಮಗನಿಗೆ ಕೊಡುವ ಎರಡು ವರ್ಷವನ್ನು ಮಗಳಿಗೂ ಕೊಡಿ.

ಕೊನೆಗೆ ಕ್ಯಾಲೆಂಡರ್. ಕ್ಯಾಟ್ ಅರ್ಜಿ ಆಗಸ್ಟ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ, ಪರೀಕ್ಷೆ ನವೆಂಬರ್ ಕೊನೆಯ ಭಾನುವಾರದ ಸುಮಾರಿಗೆ. ಎರಡು ಗಂಟೆ, ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸಂದರ್ಶನ ಫೆಬ್ರವರಿ ಆಸುಪಾಸು, ತರಗತಿ ಜೂನ್‌ಗೆ. ಅಂದರೆ ಈ ಆಗಸ್ಟ್‌ನಲ್ಲಿ ಹಾಕುವ ಅರ್ಜಿ ಮುಂದಿನ ಜೂನ್‌ಗೆ. ಕ್ಯಾಟ್ ಅಂಕ ಆ ಒಂದು ವರ್ಷದ ಪ್ರವೇಶಕ್ಕೆ ಮಾತ್ರ. ಹೆಚ್ಚಾಗಿ ವಿದೇಶದ ಎಂಬಿಎಗೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಅಂಕ 5 ವರ್ಷ ಉಳಿಯುತ್ತದೆ, ಹಾಗಾಗಿ ಗಣಿತ ಇನ್ನೂ ನೆನಪಿನಲ್ಲಿ ಇರುವಾಗಲೇ ಅದನ್ನು ಬರೆದಿಟ್ಟುಕೊಳ್ಳುವುದು ಜಾಣತನ. ಅಮೆರಿಕಕ್ಕೆ ಹೋಗುವವರಿಗೆ ಅರ್ಜಿಯ ಮೊದಲ ಸುತ್ತು ಸೆಪ್ಟೆಂಬರ್, ಎರಡನೆಯದು ಜನವರಿ. ಅಲ್ಲಿ ನಿಮ್ಮ ಮೇಲಧಿಕಾರಿಯ ಶಿಫಾರಸು ಪತ್ರ ಬೇಕು. ಟೀಮ್ ಬದಲಾಗಿ ಮೂರು ತಿಂಗಳಾದ ಬಾಸ್ ಏನು ಬರೆದಾರು? ನಿಮ್ಮ ಕೆಲಸವನ್ನು ಒಂದು ವರ್ಷವಾದರೂ ಹತ್ತಿರದಿಂದ ಕಂಡವರು ಇರುವಾಗ ಹಾಕಿ.

ಟೀ ಹೊತ್ತಿನಲ್ಲಿ ಕೇಳಿದವರು ಇಲ್ಲೇ ಮೂರನೇ ಸಾಲಿನಲ್ಲಿದ್ದೀರಿ. ನಿಮ್ಮ ಮನೆಯಲ್ಲಿ ಏನು ವ್ಯವಹಾರ, ಇಂಟರ್ನ್‌ಶಿಪ್ ಎಲ್ಲಿ ಮಾಡಿದಿರಿ, ಅಲ್ಲಿ ಯಾವುದು ನಿಮಗೆ ಅರ್ಥವಾಗದೆ ಉಳಿಯಿತು, ಅದನ್ನು ಮೊದಲು ಹೇಳಿ. ಮೈಕ್ ಅವರಿಗೆ ಕೊಡಿ. ನನ್ನ ಬಸ್ಸು ಆರೂವರೆಗೆ, ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ.