ಒಳಗೆ ಹೋದವರಿಗಾಗಿ ಹೊರಗೆ ಕಾದಿಟ್ಟ ಗಾಳಿ

(ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ರಾಯಚೂರಿನ ಹತ್ತಿ ಮಿಲ್ಲುಗಳ ಮಾಲೀಕರು ಮತ್ತು ಕಾರ್ಮಿಕರ ಮುಂದೆ ನೀಡಿದ ಉಪನ್ಯಾಸ)

ಮಿಲ್ ಮಾಲೀಕರೇ, ಹಮಾಲ ಬಂಧುಗಳೇ, ಅಗ್ನಿಶಾಮಕ ಠಾಣೆಯ ಗೆಳೆಯರೇ,

ನಮ್ಮ ಭಾಗದ ಹಿರಿಯರಿಗೆ ಹಗೇವು ಗೊತ್ತು. ಜೋಳ ತುಂಬಿಟ್ಟ ಆ ನೆಲದ ಕುಣಿಯ ಬಾಯಿ ತೆರೆದ ಕೂಡಲೇ ತಿಳಿದವರು ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಡುತ್ತಿದ್ದರು, ದೀಪ ಇಳಿಬಿಟ್ಟು ಅದು ಆರುತ್ತದೆಯೇ ಎಂದು ನೋಡುತ್ತಿದ್ದರು. ಕಣ್ಣಿಗೆ ಕಾಣದ್ದು ಕೊಲ್ಲಬಲ್ಲದು ಎಂಬ ಆ ಅರಿವು, ಬೆಂಕಿ ಬಿದ್ದ ಗೋದಾಮಿನ ಮುಂದೆ ನಿಂತಾಗ ನಮಗೆ ಮರೆತುಹೋಗುತ್ತದೆ. ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ನುಗ್ಗಿಬಿಡುತ್ತೇವೆ.

ಒದ್ದೆ ಬಟ್ಟೆ ಮಸಿಯನ್ನು ಒಂದಿಷ್ಟು ತಡೆದೀತು, ಕಾರ್ಬನ್ ಮೊನಾಕ್ಸೈಡನ್ನು ತಡೆಯದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹಗೇವಿನ ದೀಪದ ಪರೀಕ್ಷೆ ಇಲ್ಲಿ ನಡೆಯದು, ಬೆಂಕಿ ಉರಿಯುತ್ತಿರುವಲ್ಲೇ ಮನುಷ್ಯ ಕುಸಿಯುತ್ತಾನೆ. ಹತ್ತಿ ಬೇಲ್‌ನ ಮೇಲಿನ ಜ್ವಾಲೆ ಆರಿದರೂ ಒಳಗೆ ಕಿಚ್ಚು ದಿನಗಟ್ಟಲೆ ಕನಲುತ್ತದೆ. ಸಾಕಷ್ಟು ಗಾಳಿ ಸಿಗದೆ ಹೀಗೆ ಕನಲುವಾಗಲೇ ಈ ಅನಿಲ ಹೆಚ್ಚು ಹುಟ್ಟುವುದು.

ಆದ್ದರಿಂದಲೇ ಅಗ್ನಿಶಾಮಕ ಸಿಬ್ಬಂದಿ ಬೆನ್ನಿಗೆ ಬಿ.ಎ. ಸೆಟ್, ಅಂದರೆ ಮಾಸ್ಕ್ ಮತ್ತು ಗಾಳಿಯ ಸಿಲಿಂಡರ್ ಇರುವ ಉಸಿರಾಟದ ಸಾಧನ, ಕಟ್ಟಿಕೊಂಡು ಹೋಗುತ್ತಾರೆ. ಆ ಸಿಲಿಂಡರಿನಲ್ಲಿರುವುದು ನಾವು ಉಸಿರಾಡುವ ಸಾಮಾನ್ಯ ಗಾಳಿ, ಒತ್ತಿ ತುಂಬಿದ್ದು. ಆಸ್ಪತ್ರೆಯ ಆಮ್ಲಜನಕದ ಸಿಲಿಂಡರನ್ನು ಬೆಂಕಿಯ ಹತ್ತಿರ ತರಲೇಬೇಡಿ, ಅದು ಉರಿಯನ್ನು ಹೆಚ್ಚಿಸುತ್ತದೆ. 6.8 ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,000 ಲೀಟರ್ ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 40 ಲೀಟರಿನಂತೆ ಲೆಕ್ಕ ಹಾಕಿದರೆ 50 ನಿಮಿಷ. ಆದರೆ ಕತ್ತಲಲ್ಲಿ ನೀರಿನ ಪೈಪ್ ಎಳೆಯುತ್ತ ಬೇಲ್‌ಗಳನ್ನು ಸರಿಸುವವನು ನಿಮಿಷಕ್ಕೆ 80 ಲೀಟರ್ ಎಳೆದರೂ ಎಳೆದಾನು. ಆಗ ಅದು 25 ನಿಮಿಷಕ್ಕೆ ಇಳಿಯುತ್ತದೆ. ಒತ್ತಡ 55 ಬಾರ್ ಆಸುಪಾಸಿಗೆ ಬಂದಾಗ ಸೆಟ್ಟಿನ ಎಚ್ಚರಿಕೆಯ ಸೀಟಿ ಕೂಗುತ್ತದೆ. ಹಾಗೆ ದಣಿದವನಿಗೆ ಅಲ್ಲಿಂದ ಮುಂದೆ ಐದು ನಿಮಿಷವೂ ಉಳಿದಿರುವುದಿಲ್ಲ. ಸೀಟಿ ಕೂಗಿದ ಮೇಲೆ ಹೊರಟರಾಯಿತು ಎನ್ನುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಜರ್ಮನಿಯ ಅಗ್ನಿಶಾಮಕ ನಿಯಮ ಇದಕ್ಕಿಂತ ಕಟ್ಟುನಿಟ್ಟು: ಒಳಗೆ ಹೋಗಲು ಎಷ್ಟು ಗಾಳಿ ಖರ್ಚಾಯಿತೋ, ಮರಳಲು ಅದರ ಎರಡರಷ್ಟನ್ನು ಉಳಿಸಿಕೊಳ್ಳಬೇಕು.

1958ರ ಜನವರಿಯಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ದಟ್ಟ ಹೊಗೆ, ಒಂದಕ್ಕೊಂದು ಹೆಣೆದ ಓಣಿಗಳು. ಉಸಿರಾಟದ ಸಾಧನ ತೊಟ್ಟೇ ಇಳಿದಿದ್ದ ಇಬ್ಬರು ಸಿಬ್ಬಂದಿ ಹೊರಬರಲಾಗದೆ ಅಲ್ಲೇ ತೀರಿಕೊಂಡರು. ಒಳಗೆ ಹೋದವರ ಹೆಸರು, ಹೋದ ವೇಳೆ, ಸಿಲಿಂಡರಿನ ಒತ್ತಡವನ್ನು ಬಾಗಿಲಲ್ಲಿ ಹಲಗೆಯ ಮೇಲೆ ಬರೆದಿಡುವ ಪದ್ಧತಿ ಬ್ರಿಟನ್ನಿನಲ್ಲಿ ಗಟ್ಟಿಯಾದದ್ದು ಈ ದುರಂತದ ನಂತರ. ಛಾವಣಿಯವರೆಗೆ ಬೇಲ್ ಒಟ್ಟಿದ ನಮ್ಮ ಗೋದಾಮುಗಳ ಓಣಿಗಳನ್ನು ಕಂಡಾಗಲೆಲ್ಲ ನನಗೆ ಆ ನೆಲಮಾಳಿಗೆಯೇ ನೆನಪಾಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಒಳಗಿರುವವನ ಮೇಲೆ ಬೇಲ್ ಉರುಳಿತು, ಗಾಳಿ ಮುಗಿಯುತ್ತ ಬಂತು ಎಂದುಕೊಳ್ಳಿ. ಜೊತೆಗಾರ ಪ್ರೀತಿಯಿಂದ ತನ್ನ ಮಾಸ್ಕ್ ತೆಗೆದುಕೊಟ್ಟರೆ ಇಬ್ಬರೂ ಹೊಗೆ ಕುಡಿಯುತ್ತಾರೆ. ಬೇಕಾದದ್ದು ಬೇರೆಯೇ ಒಂದು ಚೀಲ: ತುಂಬಿದ ಸಿಲಿಂಡರ್, ಉದ್ದನೆಯ ಗಾಳಿಕೊಳವೆ, ಹೆಚ್ಚುವರಿ ಮಾಸ್ಕ್. ಅದನ್ನು ಹಿಡಿದು ಇಬ್ಬರು ಬಾಗಿಲಲ್ಲೇ ನಿಂತಿರಬೇಕು. ಅವರಿಗೆ ಬೇರೆ ಕೆಲಸ ಹೇಳಬಾರದು. ಬಿದ್ದವನು ಸುಮಾರು 30 ಸೆಕೆಂಡು ಅಲುಗಾಡದಿದ್ದರೆ ತಾನಾಗಿಯೇ ಅರಚುವ ಎಚ್ಚರಿಕೆ ಯಂತ್ರವೂ ಉಂಟು. ಆ ಸದ್ದಿನ ಜಾಡು ಹಿಡಿದು ಅವರು ಹೋಗುತ್ತಾರೆ.

ಹೋದ ಮೇಲೆ ಕೊಳವೆಯ ತುದಿ ಅವನ ಸೆಟ್ಟಿಗೆ ಕೂರದಿದ್ದರೆ? ಕಂಪನಿಗೊಂದು ಬಗೆಯ ಜೋಡಣೆ ಇದ್ದರೆ ಆಗುವುದು ಅದೇ. ಅಮೆರಿಕದ ಮಾನದಂಡ 2002ರಲ್ಲೇ ಎಲ್ಲ ಹೊಸ ಸೆಟ್ಟುಗಳಿಗೂ ಒಂದೇ ಬಗೆಯ ತುರ್ತು ಜೋಡಣೆಯನ್ನು ಕಡ್ಡಾಯ ಮಾಡಿತು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಟ್ಟಿಯ ಚಿನ್ನದ ಗಣಿ ಇರುವ ಸೀಮೆ ನಮ್ಮದು. ದೊಡ್ಡ ಅವಘಡದಲ್ಲಿ ಒಬ್ಬರ ನೆರವಿಗೆ ಇನ್ನೊಬ್ಬರು ಓಡಲೇಬೇಕು. ಹೊಸ ಸೆಟ್ ಕೊಳ್ಳುವ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಬೆಲೆ ನೋಡುವ ಮೊದಲು ನೆರೆಯವರ ಕೊಳವೆಯನ್ನು ತರಿಸಿ, ನಿಮ್ಮದಕ್ಕೆ ಕೂಡಿಸಿ ನೋಡಿ. ಅದೇ ಜೋಡಣೆಯನ್ನು ಕಣ್ಣು ಕಟ್ಟಿಕೊಂಡು, ಕೈಗವಸು ತೊಟ್ಟು ಅಭ್ಯಾಸ ಮಾಡಿಸಿ, ಹೊಗೆಯಲ್ಲಿ ಬೆರಳ ತುದಿಯ ಗುರುತೇ ಆಧಾರ.

ಮಿಲ್ಲಿನವರ ಪಾಲೂ ಸಣ್ಣದಲ್ಲ. ಪ್ರತಿ ಪಾಳಿಯಲ್ಲಿ ಯಾರು ಯಾವ ಶೆಡ್ಡಿನಲ್ಲಿದ್ದಾರೆ ಎಂಬ ಪಟ್ಟಿ ಗೇಟಿನಲ್ಲಿರಲಿ, ದಿನಗೂಲಿಯವರ ಹೆಸರೂ ಅದರಲ್ಲಿರಲಿ. 112ಕ್ಕೆ ಕರೆ ಮಾಡಿದವರೇ ಗೇಟಿನಲ್ಲಿ ನಿಂತು, ಬಂದ ಅಧಿಕಾರಿಗೆ ಆ ಪಟ್ಟಿ ಕೊಡಲಿ. ಎಲ್ಲರೂ ಹೊರಬಂದಿದ್ದಾರೆ ಎಂದು ಖಚಿತವಾದರೆ, ಇಲ್ಲದವರನ್ನು ಹುಡುಕಲು ಯಾರೂ ಒಳಗೆ ಹೋಗಿ ಗಾಳಿ ಖರ್ಚು ಮಾಡಬೇಕಾಗಿಲ್ಲ, ಹೊರಗಿನಿಂದಲೇ ನೀರು ಹಾಯಿಸಬಹುದು.