ಮೊದಲು ಮೇನ್ ಸ್ವಿಚ್ ಆರಿಸಿ

ಕೇಳುಗರಿಗೆ ನಮಸ್ಕಾರ. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಪಡೆದು, ಆಂಟೆನಾ ಕಟ್ಟಿ, 7 ಮೆಗಾಹರ್ಟ್ಸ್‌ಗೆ ರೇಡಿಯೋ ತಿರುಗಿಸಿದ್ದೀರಿ. ಮನುಷ್ಯರ ದನಿಗಿಂತ ಜೋರಾಗಿ ಒಂದು ಗುರ್ ಸದ್ದು. ನಿನ್ನೆ ಇರಲಿಲ್ಲ, ಇವತ್ತಿದೆ. ಹೊಸಬರು ಆಗ ಮಾಡುವುದು ಒಂದೇ ಕೆಲಸ: ಪಕ್ಕದ ಮನೆಯವರನ್ನೋ ಬೀದಿಯ ಟ್ರಾನ್ಸ್‌ಫಾರ್ಮರನ್ನೋ ಬಯ್ಯುವುದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಬೇಡಿ. ಮೊದಲು ನಿಮ್ಮ ಮನೆಯ ಮೇನ್ ಸ್ವಿಚ್ ಆರಿಸಿ.

ಆರಿಸಿದರೆ ರೇಡಿಯೋ ನಡೆಯುವುದು ಹೇಗೆ? ಅದಕ್ಕೇ 12 ವೋಲ್ಟ್ ಬ್ಯಾಟರಿ. ರಿಗ್ಗನ್ನು, ಅಂದರೆ ನಿಮ್ಮ ರೇಡಿಯೋವನ್ನು, ಬ್ಯಾಟರಿಗೆ ಹಾಕಿ, ಮೊದಲು ಆಂಟೆನಾ ಕೇಬಲ್ ಕಳಚಿ ನೋಡಿ. ಸದ್ದು ನಿಂತರೆ ಅದು ಆಂಟೆನಾದ ದಾರಿಯಲ್ಲೇ ಬರುತ್ತಿದೆ. ನಿಲ್ಲದಿದ್ದರೆ ರಿಗ್‌ನೊಳಗೆ ಅಥವಾ ಮೇಜಿನ ಮೇಲಿನ ತಂತಿಗಳಲ್ಲಿದೆ. ಕೇಬಲ್ ಮತ್ತೆ ಸಿಕ್ಕಿಸಿ, ರಿಗ್ಗನ್ನು ಎಎಂಗೆ ಹಾಕಿ, ಸಿಗ್ನಲ್ಲಿನ ಬಲ ತೋರಿಸುವ ಎಸ್ ಮೀಟರಿನ ಮುಳ್ಳು ಎಲ್ಲಿದೆ ಎಂದು ಬರೆದಿಟ್ಟುಕೊಂಡು ಮೇನ್ ಆರಿಸಿ. ಎಡವುವುದು ಇಲ್ಲೇ. ಮೇನ್ ಆರಿಸಿದ ಕ್ಷಣಕ್ಕೆ ಯುಪಿಎಸ್ಸೋ ಇನ್ವರ್ಟರೋ ಎದ್ದು ಕೂರುತ್ತದೆ. ರೌಟರ್, ದೀಪ ಎಲ್ಲವೂ ಓಡುತ್ತಲೇ ಇರುತ್ತವೆ. ಸದ್ದೂ ಇರುತ್ತದೆ. "ನಮ್ಮ ಮನೆಯದಲ್ಲ" ಎಂದು ತೀರ್ಮಾನಿಸಿ ಬೀದಿಗಿಳಿಯುತ್ತಾರೆ. ಅದನ್ನೂ ಆರಿಸಬೇಕು ಸ್ವಾಮಿ.

ಮುಳ್ಳು ಕೆಳಗೆ ಬಿತ್ತೇ? ಕಳ್ಳ ಮನೆಯೊಳಗಿದ್ದಾನೆ. ಈಗ ಎಂಸಿಬಿಗಳನ್ನು, ಅಂದರೆ ಮನೆಯ ಒಂದೊಂದು ವಿದ್ಯುತ್ ಸಾಲಿನ ಸ್ವಿಚ್ಚುಗಳನ್ನು, ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದಕ್ಕೆ ಸದ್ದು ಮರಳಿತೋ ಆ ಸಾಲಿನ ಪ್ಲಗ್ಗುಗಳನ್ನು ಒಂದೊಂದಾಗಿ ಕೀಳಿ. ಪ್ಲಗ್ಗನ್ನೇ ಕೀಳಬೇಕು, ಉಪಕರಣದ ಬಟನ್ ಒತ್ತಿದರೆ ಸಾಲದು. ಟಿವಿ ಮಲಗಿದರೂ ಅದರ ಪವರ್ ಸಪ್ಲೈ ಮಲಗುವುದಿಲ್ಲ.

ಸದ್ದಿನ ಗುಣವೂ ಗುಟ್ಟು ಬಿಟ್ಟುಕೊಡುತ್ತದೆ. ಬ್ಯಾಂಡಿನುದ್ದಕ್ಕೂ ಸಮಾನ ಅಂತರದಲ್ಲಿ, ಹತ್ತಾರು ಕಿಲೋಹರ್ಟ್ಸ್‌ಗೊಂದರಂತೆ, ಸದ್ದಿನ ಉಬ್ಬುಗಳು ಕಂಡು, ಉಪಕರಣ ಬಿಸಿಯೇರಿದಂತೆ ಅವು ಮೆಲ್ಲಗೆ ಸರಿದರೆ ಅದು ಸ್ವಿಚಿಂಗ್ ಅಡಾಪ್ಟರ್ ಅಥವಾ ಎಲ್‌ಇಡಿ ದೀಪದ ಡ್ರೈವರ್. 14.030 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕದಲದೆ ನಿಂತ ಸಣ್ಣ ಸಿಳ್ಳೆಯಾದರೆ ರೌಟರಿನ ಈಥರ್ನೆಟ್ ಕೇಬಲ್ ಕಳಚಿ ನೋಡಿ. ಸೆಕೆಂಡಿಗೊಮ್ಮೆ ಟಿಕ್, ಟಿಕ್ ಎಂದರೆ ವಿದ್ಯುತ್ ಬೇಲಿ. ಒಣಹವೆಯಲ್ಲಿ ಹೆಚ್ಚಿ ಮಳೆ ಬಂದಾಗ ಅಡಗುವ ಒರಟು ಸದ್ದು ಹೆಚ್ಚಾಗಿ ಕಂಬದ ಮೇಲಿನ ಸಡಿಲ ಕ್ಲಾಂಪಿನ ಕಿಡಿ.

ನೆರೆಹೊರೆಯದ್ದೂ ಅಲ್ಲದ ಸದ್ದುಗಳಿವೆ. 1976ರ ಕಥೆ ಹೇಳಲೇಬೇಕು. ಆ ವರ್ಷ ಶಾರ್ಟ್‌ವೇವ್ ತುಂಬ ಒಂದು ಹೊಸ ಸದ್ದು ಶುರುವಾಯಿತು, ಸೆಕೆಂಡಿಗೆ ಹತ್ತು ಬಾರಿ ಟಕ ಟಕ ಟಕ. ಹ್ಯಾಮ್‌ಗಳು ಇಟ್ಟ ಹೆಸರು ಮರಕುಟಿಗ. ಅದು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹವ್ಯಾಸಿ ಬ್ಯಾಂಡು, ಪ್ರಸಾರದ ಬ್ಯಾಂಡು, ವಿಮಾನದ ಚಾನೆಲ್ಲು ಎಂದು ನೋಡದೆ ಎಲ್ಲೆಂದರಲ್ಲಿ ಹಾರಿ ಕೂರುತ್ತಿತ್ತು. ಬೇರೆ ಬೇರೆ ದೇಶಗಳ ಕೇಳುಗರು ದಿಕ್ಕಿನ ಆಂಟೆನಾ ತಿರುಗಿಸಿ, ಸದ್ದು ಬರುವ ದಿಕ್ಕನ್ನು ನಕ್ಷೆಯ ಮೇಲೆ ಗೆರೆ ಎಳೆದರು. ಗೆರೆಗಳು ಸೋವಿಯತ್ ಒಕ್ಕೂಟದಲ್ಲಿ ಕೂಡಿದವು. ಅದು ಕ್ಷಿಪಣಿ ಹಾರುವುದನ್ನು ದಿಗಂತದಾಚೆಯಿಂದಲೇ ಪತ್ತೆ ಮಾಡುವ ಡುಗಾ ರಾಡಾರ್. ಈ ಕಾಟ ತಡೆಯಲೆಂದೇ ರಿಗ್ ತಯಾರಕರು ಇಂಥ ಅಗಲ ಪಲ್ಸ್, ಅಂದರೆ ಸದ್ದಿನ ಹೊಡೆತ, ಕತ್ತರಿಸುವ ನಾಯ್ಸ್ ಬ್ಲಾಂಕರ್ ಎಂಬ ಸರ್ಕ್ಯೂಟ್ ಕೂಡಿಸಿದರು. 1989ರಲ್ಲಿ ಸದ್ದು ನಿಂತಿತು. ಚೆರ್ನೋಬಿಲ್ ಬಳಿ ಅದರ ಸುಮಾರು 150 ಮೀಟರ್ ಎತ್ತರದ ಗ್ರಾಹಕ ಆಂಟೆನಾ ಆಮೇಲೂ ನಿಂತೇ ಇತ್ತು.

ಇವತ್ತಿನ ಕೆಲವು ರಾಡಾರ್‌ಗಳು ಸೆಕೆಂಡಿಗೆ 50 ಬಾರಿ ಬೀಸುತ್ತವೆ. ಕಿವಿಗೆ ಥೇಟ್ ಕರೆಂಟಿನ ಗುಂಯ್‌ಗುಡುವಿಕೆ. ಬೇರ್ಪಡಿಸುವುದು ಹೇಗೆ? ಮತ್ತೆ ಅದೇ: ಮೇನ್ ಸ್ವಿಚ್ ಆರಿಸಿ. ಆರಿಸಿದರೂ ಉಳಿದರೆ, ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಕೇಳಬಹುದಾದ, ಕಿವಿ-ಎಸ್‌ಡಿಆರ್ (KiwiSDR) ಎಂಬ ದೂರದ ರಿಸೀವರುಗಳಲ್ಲಿ ಅದೇ ಆವರ್ತನ ಕೇಳಿ. ನೂರಾರು ಕಿಲೋಮೀಟರ್ ಆಚೆಯೂ ಅದೇ ಸದ್ದಿದ್ದರೆ ಬಂದದ್ದು ಆಕಾಶದಿಂದ; ಆವರ್ತನ, ಯುಟಿಸಿ ಎಂಬ ಜಾಗತಿಕ ಸಮಯ, ದಿಕ್ಕು ಬರೆದು ನಿಮ್ಮ ಹ್ಯಾಮ್ ಸಂಘದ ನಿಗಾ ವಿಭಾಗಕ್ಕೆ ಕೊಡಿ. ನಿಮಗೊಬ್ಬರಿಗೇ ಕೇಳಿದರೆ ಮೂಲ ಹತ್ತಿರದಲ್ಲಿದೆ.

ಕಥೆಯೇ ಸಮಯ ತಿಂದಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮನೆಯದಲ್ಲ, ಮೂಲ ಹತ್ತಿರದಲ್ಲೇ ಇದೆ ಎಂದಾದ ಮೇಲೆ ಬೀದಿಗೆ ಇಳಿಯುವಾಗ, ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿ ಆಂಟೆನಾ ಇರುವ ಸಣ್ಣ ಎಎಂ ರೇಡಿಯೋ ಸಾಕು. ಸದ್ದು ಜೋರಾಗುವ ದಿಕ್ಕನ್ನು ಹುಡುಕಬೇಡಿ, ಅದು ಅಗಲ, ಮೋಸ ಮಾಡುತ್ತದೆ. ಸದ್ದು ಪೂರ್ತಿ ಅಡಗುವ ಬಿಂದು ಚೂಪು. ಆಗ ಕಡ್ಡಿಯ ತುದಿ ಮೂಲದ ಕಡೆಗೋ ಅದಕ್ಕೆ ನೇರ ಹಿಂದಕ್ಕೋ ತೋರಿಸುತ್ತಿರುತ್ತದೆ. ಎರಡು ಮೂರು ಜಾಗದಿಂದ ಗೆರೆ ಎಳೆಯಿರಿ. ಹತ್ತಿರವಾದಂತೆ ಆವರ್ತನ ಏರಿಸಿ. ಕಿಡಿಯ ಸದ್ದು 144 ಮೆಗಾಹರ್ಟ್ಸ್‌ನಲ್ಲೂ ಕೇಳುವುದು ಹತ್ತಿರ ಬಂದಾಗಲೇ. ಅಲ್ಲಿ ಮೂರು ಕಡ್ಡಿಯ ಯಾಗಿ ಎಂಬ ದಿಕ್ಕಿನ ಆಂಟೆನಾ ಹಿಡಿದು ಎಎಂನಲ್ಲೇ ಕೇಳಿ. ಎಫ್‌ಎಂ ರಿಸೀವರ್ ಈ ಸದ್ದನ್ನು ಅಡಗಿಸಿಬಿಡುತ್ತದೆ. ಮೀಟರು ತುದಿ ಮುಟ್ಟಿದರೆ ಸಿಗ್ನಲ್ ಕುಗ್ಗಿಸುವ ಅಟೆನ್ಯುಯೇಟರ್ ಹಾಕಿ.

ಪರಿಹಾರದ ಮಾತು. ಕೇಬಲ್ಲಿಗೆ ಒಂದು ಫೆರೈಟ್ ಕ್ಲಿಪ್ ಸಿಕ್ಕಿಸಿ ಕೈ ತೊಳೆದುಕೊಂಡರೆ ಕೆಳಗಿನ ಬ್ಯಾಂಡುಗಳಲ್ಲಿ ಏನೂ ಆಗದು. ಮಿಕ್ಸ್ 31 ಎಂಬ ಬಗೆಯ ಫೆರೈಟಿನ 2.4 ಇಂಚು ಉಂಗುರಕ್ಕೆ ಅಡಾಪ್ಟರಿನ ತಂತಿಯನ್ನು ಹತ್ತು ಹನ್ನೆರಡು ಸುತ್ತು ಸುತ್ತಿ. ಸುತ್ತು ಎರಡು ಪಟ್ಟಾದರೆ ತಡೆ ಹತ್ತಿರ ಹತ್ತಿರ ನಾಲ್ಕು ಪಟ್ಟು. ಉಂಗುರ ಅಡಾಪ್ಟರಿಗೆ ಅಂಟಿಕೊಂಡೇ ಇರಲಿ, ಎರಡೂ ಕಡೆಯ ತಂತಿಗೆ ಒಂದೊಂದು.

ಕಂಬದ ಸದ್ದಾದರೆ ಕಂಬವನ್ನು ಗುದ್ದಬೇಡಿ, ಅದರ ತಂತಿ ಅಲುಗಿಸಬೇಡಿ. ಕಂಬದ ಸಂಖ್ಯೆ, ಹೊತ್ತು, ಹವೆ ಬರೆದು ವಿದ್ಯುತ್ ಕಚೇರಿಗೆ ಕೊಡಿ. ದೂರು ಬರೆಯುವ ಮುನ್ನ, ಮೇನ್ ಆರಿಸಿ ನೋಡಿದ್ದೀರಿ ತಾನೇ? ನಮಸ್ಕಾರ.