ನೆಲದಡಿಯ ಕಾಡು

ಕೇಳುಗರೇ, ನಮಸ್ಕಾರ.

ಪಾವಗಡದ ಕಡೆ ನಮ್ಮ ಹೊಲದ ಬದುವಿನಲ್ಲಿ ಒಂದು ತಂಗಡಿ ಗಿಡ ಇತ್ತು. ಎತ್ತು ತಿರುಗಿಸೋಕೆ ಅಡ್ಡ ಅಂತ ಅಪ್ಪ ಪ್ರತಿ ವರ್ಷ ಬುಡಕ್ಕೆ ಕಡಿಯುತ್ತಿದ್ದರು. ಒಂದು ಹದ ಮಳೆ ಬಿದ್ದರೆ ಸಾಕು, ಮತ್ತೆ ಚಿಗುರು. ಒಂದು ಸಲ ಬೇಸತ್ತು ಹಾರೆ ಹಾಕಿದೆವು. ಮೇಲೆ ಬೆರಳು ದಪ್ಪದ ಕಡ್ಡಿಗಳು, ಕೆಳಗೆ ಮುಂಗೈ ದಪ್ಪದ ಬುಡ! ಎರಡು ಮೊಳ ಅಗೆದರೂ ಬೇರು ಮುಗಿಯಲಿಲ್ಲ. "ಇರ್ಲಿ ಬಿಡು" ಅಂತ ಅಪ್ಪ ಮಣ್ಣು ಮುಚ್ಚಿದರು.

ಅಮೆರಿಕದ ಶಿನರಿ ಓಕ್ ಬಗ್ಗೆ ಓದುವಾಗ ನನಗೆ ನೆನಪಾದದ್ದು ಆ ಬುಡ. ಟೆಕ್ಸಾಸ್, ನ್ಯೂ ಮೆಕ್ಸಿಕೊ, ಒಕ್ಲಹೋಮದ ಮರಳು ನೆಲದಲ್ಲಿ ಇದು ಬೆಳೆಯುತ್ತದೆ. ಓಕ್ ಅಂದರೆ ಹಿಮಾಲಯದ ದೊಡ್ಡ ಮರ ಕಣ್ಣಿಗೆ ಬರುತ್ತದೆ, ಅಲ್ವಾ? ಇದು ಹೆಚ್ಚಿನ ಕಡೆ ಸೊಂಟದೆತ್ತರ, ಅಷ್ಟೆ. ಉಳಿದ ಮರವೆಲ್ಲ ಮರಳಿನೊಳಗೆ! ಅಲ್ಲಿ ಕಾಂಡವೇ ಅಡ್ಡಡ್ಡ ಹಬ್ಬಿ, ಅಲ್ಲಲ್ಲಿ ಚಿಗುರನ್ನು ಮೇಲಕ್ಕೆ ಕಳಿಸುತ್ತದೆ. ನಮಗೆ ನೂರು ಪೊದೆ ಕಂಡರೂ ಎಲ್ಲ ಸೇರಿ ಒಂದೇ ಗಿಡ ಇರಬಹುದು. ಬೆಂಕಿ ಬಿದ್ದು ಮೇಲಿನದು ಸುಟ್ಟರೂ ಕೆಳಗಿನ ಕಾಂಡ ಮತ್ತೆ ಚಿಗುರುತ್ತದೆ. ಗಾಳಿಗೆ ಹಾರುವ ಮರಳನ್ನು ಹಿಡಿದಿಡುವುದೂ ಅದೇ ಕಾಂಡ, ಅದರ ಬೇರು.

ಈ ಓಕ್ ಹಿಡಿದ ಮರಳುದಿಬ್ಬಗಳ ನಡುವಿನ ಕುಳಿಗಳಲ್ಲಿ ಒಂದು ಪುಟ್ಟ ಹಲ್ಲಿ ಬದುಕುತ್ತದೆ. ಬಿಸಿಲು ಜಾಸ್ತಿಯಾದರೆ ಪೊದೆಯ ನೆರಳು, ಹೆದರಿಕೆಯಾದರೆ ಮರಳಿನೊಳಗೆ ಮುಳುಗು. ಈ ಕುಳಿಗಳನ್ನು ಬಿಟ್ಟರೆ ಅದಕ್ಕೆ ಬೇರೆ ಜಾಗವಿಲ್ಲ. ಆದರೆ ವಸಂತದಲ್ಲಿ ಈ ಓಕ್‌ನ ಎಳೆ ಚಿಗುರು ದನಗಳಿಗೆ ವಿಷ. ಹಾಗಾಗಿ ದನ ಸಾಕುವವರು ಹುಲ್ಲು ಬೆಳೆಯಲಿ ಅಂತ ಕಳೆನಾಶಕ ಹಾಕಿ ಎಷ್ಟೋ ನೆಲದಲ್ಲಿ ಇದನ್ನು ಕೊಂದರು. ಅವರ ಕಷ್ಟವೂ ಸುಳ್ಳಲ್ಲ. ಓಕ್ ಹೋದ ಕಡೆ ಹಲ್ಲಿಯೂ ಕಡಿಮೆಯಾಯಿತು. 2024ರಲ್ಲಿ ಅಲ್ಲಿನ ಸರ್ಕಾರ ಆ ಹಲ್ಲಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ನಮ್ಮ ತುಮಕೂರು ಜಿಲ್ಲೆಯ ತಂಗಡಿ, ಬಂದರೆ, ಕವಳೆ ಬೆಳೆದ ಕುರುಚಲಿಗೆ ನಾವು ಸುಮ್ನೆ ಬೀಳು ಅಂದುಬಿಡುತ್ತೇವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಮೇಯುವುದು ಹುಲ್ಲು, ಕುರುಚಲು ಬೆರೆತ ಇಂಥ ಬಯಲಿನಲ್ಲೇ. ಸಸಿ ನೆಡೋಕೆ ಅಂತ ಜೆಸಿಬಿ ತಂದು ಈ ಪೊದೆಗಳನ್ನೇ ಕಿತ್ತುಹಾಕಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ನಮ್ಮೂರ ಗುಡ್ಡದಲ್ಲಿ ಹಾಗೇ ಆಯಿತು. ಹೋದ ಬೇಸಿಗೆಯಲ್ಲಿ ಹೋಗಿ ನೋಡಿದೆ. ನೆಟ್ಟ ಸಸಿಗಳು ಗುಂಡಿಯಲ್ಲೇ ಒಣಗಿ ನಿಂತಿದ್ದವು. ಗುಂಡಿಯ ಅಂಚಿನಲ್ಲಿ ಅರ್ಧ ತುಂಡಾದ ಒಂದು ತಂಗಡಿ ಬುಡದಿಂದ ಗೇಣುದ್ದ ಚಿಗುರು ಬಂದಿತ್ತು. ತುದಿಯಲ್ಲಿ ಹಳದಿ ಮೊಗ್ಗು.

ನಮಸ್ಕಾರ.